ದುರ್ಗಾದೇವಿ ಸೋಮವಾರ ಹೇಳುತ್ತಿದ್ದ ಸಿನಿಮಾಗಳು

ಬಳ್ಳಾರಿಯಲ್ಲಿ ಸಿನಿಮಾ ನೋಡುವವರಿಗೇನು ಬರವಿಲ್ಲ. ತೆಲುಗಿನದಾಗಲಿ, ಕನ್ನಡದ್ದಾಗಲಿ, ತಮಿಳಿನಿಂದ ತೆಲುಗಿಗೆ ಬಂದದ್ದಾಗಲಿ, ಶುಕ್ರವಾರ ಬೆಳಿಗ್ಗೆ ಟಾಕೀಸಿನ ಮುಂದೆ ಪಟಾಕಿ ಸಿಡಿಯುತ್ತದೆ. ಆದರೆ ನೋಡಿದ್ದನ್ನು ಕೇಳುವವರ ಕಣ್ಣಿಗೆ ಕಟ್ಟುವಂತೆ ಹೇಳುವವರನ್ನು ನಾನು ಕಂಡದ್ದು ಒಬ್ಬಳನ್ನೇ, ದುರ್ಗಾದೇವಿಯನ್ನು. ಅವಳ ತವರು ಸಿರುಗುಪ್ಪದ ಕಡೆಯ ಹಚ್ಚೊಳ್ಳಿ. ಗಂಡ ಕುಡತಿನಿಯ ಕರೆಂಟಿನ ಕಾರ್ಖಾನೆಯಲ್ಲಿ ಬೂದಿ ಲಾರಿ ಓಡಿಸುತ್ತಾನೆ. ಅವಳು ನಮ್ಮ ಜೊತೆ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುತ್ತಾಳೆ. ಅವಳ ಕತೆ ಹೇಳಲು ಈ ಪಂಪಾವತಿಗೆ ಯಾವ ಮುಖವಿದೆ ಎಂದು ಕೆಲವರು ಅಂದಾರು. ಅನ್ನಲಿ. ಅವಳ ಸಿಟ್ಟನ್ನು ನನ್ನಷ್ಟು ಹತ್ತಿರದಿಂದ ಕಂಡವರು ಬೇರೆ ಯಾರೂ ಇಲ್ಲ.

ನಾನು ಕುರುಗೋಡಿನವಳು. ಬೆಳಿಗ್ಗೆ ಬಸ್ಸು ಹತ್ತಿದರೆ ಒಂಬತ್ತಕ್ಕೆ ಮೊದಲು ಯೂನಿಟ್ಟಿನಲ್ಲಿರುತ್ತೇನೆ. ಮೆಷಿನ್ನಿನಲ್ಲಿ ಹೊಲಿದ ಪ್ಯಾಂಟುಗಳು ನಮ್ಮ ಹಾಲಿಗೆ ಬಂದು ಬೀಳುತ್ತವೆ. ಹನ್ನೆರಡು ಹೆಂಗಸರು ನೆಲದ ಮೇಲೆ ದುಂಡಗೆ ಕುಳಿತು, ಹೊಲಿಗೆಯ ತುದಿಗೆ ಜೋತಾಡುವ ದಾರಗಳನ್ನು ಸಣ್ಣ ಕತ್ತರಿಯಿಂದ ತೆಗೆಯುತ್ತೇವೆ. ಆಮೇಲೆ ಡಜನ್ನಿಗೊಂದು ಗಂಟು ಕಟ್ಟಿ ಅದಕ್ಕೊಂದು ಬಟ್ಟೆಯ ಚಿಂದಿ ಬಿಗಿಯುವುದು ನನ್ನ ಕೆಲಸ. ಬಣ್ಣ ಬಿಳಿಚಿಸಲು ವಾಷಿಂಗಿಗೆ ಹೋಗುವ ಗಂಟಿಗೆ ಹಳದಿ ಚಿಂದಿ, ನೀಲಿಯಾಗಿಯೇ ನಮ್ಮ ಗೋದಾಮಿಗೆ ಇಳಿಯುವ ಗಂಟಿಗೆ ಕೆಂಪು ಚಿಂದಿ. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟುವಂತಿಲ್ಲ, ಹಾಡು ಹಾಕುವಂತಿಲ್ಲ. ಹಾಗಾಗಿ ಭಾನುವಾರ ದುರ್ಗಾದೇವಿ ನೋಡಿ ಬಂದ ಸಿನಿಮಾವನ್ನು ನಾವು ಸೋಮವಾರ ಕೇಳುತ್ತಿದ್ದೆವು. ಕೈ ಬೀಸದೆ ಅವಳಿಗೆ ಕತೆ ಹೇಳಲು ಬರುವುದಿಲ್ಲ. ಕೈ ಬೀಸಿದರೆ ಕೆಲಸ ನಿಲ್ಲುತ್ತದೆ. ಆದ್ದರಿಂದ ಅವಳ ಪಾಲಿನ ಪ್ಯಾಂಟುಗಳನ್ನು ನಾವು ಹನ್ನೊಂದು ಜನ ಹಂಚಿಕೊಂಡು ಮುಗಿಸುತ್ತಿದ್ದೆವು. ಯಾರೂ ಮಾಡಿದ ಕಾನೂನಲ್ಲ, ಹಾಗೇ ನಡೆದು ಬಂದದ್ದು. ಮೂರು ತಾಸಿನ ಸಿನಿಮಾ ಒಮ್ಮೊಮ್ಮೆ ಬುಧವಾರದವರೆಗೂ ನಡೆಯುತ್ತಿತ್ತು.

ಅವಳ ನಾಲಿಗೆಯಿಂದ ತಪ್ಪಿಸಿಕೊಂಡ ಹೀರೋ ಇಲ್ಲ. ಐದು ಭಾಷೆಯಲ್ಲಿ ಒಂದೇ ದಿನ ಬಿಟ್ಟ ಒಂದು ದೊಡ್ಡ ತೆಲುಗು ಸಿನಿಮಾ ಬಂದಿತ್ತು. "ಹೀರೋ ಬರೋದು ಮುಕ್ಕಾಲು ತಾಸಾದ ಮ್ಯಾಲೆ. ಬಂದು ಏನ್ ಮಾಡ್ದ ಅಂತೀರಿ, ನಡದ. ಧೂಳಿನ್ಯಾಗ ನಡದ, ಬೆಂಕ್ಯಾಗ ನಡದ, ಮಳ್ಯಾಗ ನಡದ. ಅಷ್ಟು ನಡಿಯೋನು ಹಚ್ಚೊಳ್ಳಿ ದಾರಿ ಹಿಡ್ದಿದ್ರ ಎಲ್ಡು ಸಲ ಹೋಗಿ ಬರ್ತಿದ್ದ," ಎಂದಳು. ದೆವ್ವದ ಸಿನಿಮಾ ನೋಡಿ ಬಂದು, "ದೆವ್ವಕ್ಕೂ ಲಿಪ್‌ಸ್ಟಿಕ್ ಹಚ್ಯಾರವ್ವ. ಅದು ಹೆದರ್ಸಾಕ ಬಂದೈತೋ ಲಗ್ನಕ್ಕ ಬಂದೈತೋ ನನಗ ತಿಳೀಲಿಲ್ಲ," ಎಂದಳು. ಹೊಸ ಹುಡುಗರು ಮಾಡಿದ ಒಂದು ಕನ್ನಡ ಸಿನಿಮಾಕ್ಕೆ ಟಾಕೀಸಿನಲ್ಲಿ ಒಂಬತ್ತೇ ಜನ ಇದ್ದರಂತೆ. ಅಂಚೆ ಹಂಚುವ ಮುದುಕನೊಬ್ಬನ ಕತೆ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಇಳಿಯಿತು. "ಯಾರೂ ಯಾರಿಗೂ ಹೊಡ್ಯಂಗಿಲ್ಲ. ಆದ್ರೂ ಎದ್ದು ಬರಾಕ ನನಗ ಕಾಲೇ ಬರ್ಲಿಲ್ಲ." ಮುಂದಿನ ವಾರ ಆ ಸಿನಿಮಾವನ್ನು ತೆಗೆದುಹಾಕಿದ್ದರು. ಅದಕ್ಕೆ ಅವಳು ಇಡೀ ಬಳ್ಳಾರಿಯನ್ನು ಎರಡು ದಿನ ಬೈದಳು.

ಬಳ್ಳಾರಿಯ ಎಸಿ ಟಾಕೀಸಿಗೆ ಶಾಲು ಹೊದ್ದು ಹೋಗುವಳು. ಸಿರುಗುಪ್ಪಕ್ಕೆ ಹೋದರೆ ಫ್ಯಾನಿನ ಕೆಳಗಿನ ಸೀಟು ಹಿಡಿಯಲು ಅರ್ಧ ತಾಸು ಮೊದಲೇ ಒಳಗಿರುವಳು. ಹೀರೋ ಹುಡುಗಿಯ ಕಪಾಳಕ್ಕೆ ಹೊಡೆದು, ಆ ಹುಡುಗಿ ಮುಂದಿನ ಹಾಡಿನಲ್ಲೇ ಅವನನ್ನು ತಬ್ಬಿಕೊಂಡರೆ ಎದ್ದು ಬಂದುಬಿಡುವಳು. ಹಾಗೆ ಬಿಟ್ಟು ಬಂದ ಸಿನಿಮಾದ ಉಳಿದ ಕತೆಯನ್ನು ತಾನೇ ಕಟ್ಟಿ ಹೇಳುತ್ತಿದ್ದಳು. ಅವಳು ಕಟ್ಟಿದ ಭಾಗದಲ್ಲಿ ಹೀರೋಗೆ ತಪ್ಪದೆ ಒದೆ ಬೀಳುತ್ತಿತ್ತು.

ಅವಳ ಕೊನೆಯ ತಂಗಿ ಜ್ಯೋತಿ. ತಾಯಿ ತೀರಿಕೊಂಡಾಗ ನಾಲ್ಕು ವರ್ಷದ ಮಗು, ಸಾಕಿದ್ದು ದುರ್ಗಾದೇವಿಯೇ. ದೊಡ್ಡವಳಾದ ಮೇಲೆ ನಮ್ಮ ಯೂನಿಟ್ಟಿಗೇ ಸೇರಿಸಿದ್ದಳು. ನಾನು ಕಟ್ಟಿದ ಗಂಟುಗಳಲ್ಲಿ ಹಳದಿಯವನ್ನು ವಾಷಿಂಗಿನ ಆಟೋಕ್ಕೆ ಏರಿಸುವುದು, ಕೆಂಪಿನವನ್ನು ಗೋದಾಮಿಗೆ ಇಳಿಸುವುದು ಜ್ಯೋತಿಯ ಕೆಲಸ. ಹೋದ ವರ್ಷ ದೇಶನೂರಿನ ಹುಡುಗನೊಂದಿಗೆ ಅವಳ ಲಗ್ನ ನಿಶ್ಚಯವಾಗಿತ್ತು. ನೀರಾವರಿ ಗದ್ದೆಯಿದ್ದ ಮನೆ, ಹುಡುಗನೂ ಒಳ್ಳೆಯವನು. ಲಗ್ನ ಶ್ರಾವಣದಲ್ಲಿ ಎಂದು ದುರ್ಗಾದೇವಿ ಹಾಲಿನಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದ್ದಳು.

ಲಗ್ನಕ್ಕೆ ಇನ್ನು ಒಂದು ತಿಂಗಳಿದ್ದಾಗ ಒಂದು ಸೋಮವಾರ ಅವಳು ತಾಯಿ ಮಗನ ಸಿನಿಮಾ ಹೇಳುತ್ತಿದ್ದಳು. ಇಪ್ಪತ್ತು ವರ್ಷದ ಮೇಲೆ ಬಂದ ಮಗ ಬಸ್‌ಸ್ಟ್ಯಾಂಡಿನಲ್ಲಿ ತಾಯಿಯ ಪಕ್ಕದಲ್ಲೇ ಕುಳಿತಿದ್ದಾನೆ, ಗುರುತು ಹಿಡಿಯುತ್ತಾನೋ ಇಲ್ಲವೋ ಎನ್ನುವ ಜಾಗ. ನಾವೆಲ್ಲ ಬಾಯಿ ತೆರೆದು ಕುಳಿತಿದ್ದೆವು. ನನ್ನ ಕಣ್ಣು ಅವಳ ಮುಖದ ಮೇಲಿತ್ತು, ಕೈ ತನ್ನಷ್ಟಕ್ಕೆ ಚಿಂದಿ ಬಿಗಿಯುತ್ತಿತ್ತು. ಕೆಂಪು ಕಟ್ಟಬೇಕಾದ ಎರಡು ಗಂಟಿಗೆ ನಾನು ಹಳದಿ ಕಟ್ಟಿದೆ. ಜ್ಯೋತಿ ಅವನ್ನು ಆಟೋಕ್ಕೆ ಏರಿಸಿದಳು, ಡ್ರೈವರ್ ಎರ್ರಣ್ಣ ಒಯ್ದ. ಅಲ್ಲಿ ಅವು ಬೇರೆ ಯಾರದೋ ಮಾಲಿನಲ್ಲಿ ಬೆರೆತು ಹೋದವು.

ಸಂಜೆ ಗೋದಾಮಿನಲ್ಲಿ ಎರಡು ಡಜನ್ ಕಡಿಮೆ ಬಂತು. ನಮ್ಮ ಸೂಪರ್‌ವೈಸರ್ ಶೇಖರ್ ಎನ್ನುವವನು. ಕಿವಿಯ ಮೇಲೆ ಸದಾ ಒಂದು ಪೆನ್ನು, ಪ್ರತಿ ಮಾತಿಗೆ ಮೊದಲು ಒಮ್ಮೆ ಮೂಗು ಏರಿಸುವ ಚಾಳಿ. ಆರು ಗಂಟೆಗೆ ಅವನು ಎಲ್ಲರನ್ನೂ ಗೇಟಿನಲ್ಲಿ ಸಾಲಾಗಿ ನಿಲ್ಲಿಸಿದ. ಮೆಷಿನ್ನಿನ ಗಂಡಸರೂ ಸೇರಿ ನಲವತ್ತು ಜನ. ದುರ್ಗಾದೇವಿ ಅಂದು ಮಧ್ಯಾಹ್ನವೇ ರಜೆ ಹಾಕಿ ಲಗ್ನದ ಸೀರೆ ತರಲು ಬಜಾರಿಗೆ ಹೋಗಿದ್ದಳು. ಇದ್ದಿದ್ದರೆ ಆಟ ಬೇರೆಯಾಗುತ್ತಿತ್ತು.

"ಗಂಟು ಹೊರೋದು ನೀನು," ಎಂದ ಜ್ಯೋತಿಗೆ. "ಚೂಡಿದಾರದ ಒಳಗ ಒಂದೊಂದೇ ಹಾಕ್ಕೊಂಡು ಹೋಗೋದು ನನಗ ಗೊತ್ತಿಲ್ಲ ಅಂದ್ಕೊಂಡಿಯೇನು? ಪ್ಯಾಂಟು ಏರ್ಸು. ಮೊಣಕಾಲ ತನಕ."

ಆ ಹುಡುಗಿ ಎಲ್ಲರ ಮುಖ ನೋಡಿದಳು. ಯಾರೂ ಮಾತಾಡಲಿಲ್ಲ. ಬಗ್ಗಿ ಎರಡೂ ಕಾಲಿನ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿ ನಿಂತಳು. ಗಂಡಸರಲ್ಲಿ ಕೆಲವರು ಮುಖ ತಿರುಗಿಸಿದರು, ಕೆಲವರು ತಿರುಗಿಸಲಿಲ್ಲ. ಒಳಗೆ ಏನೂ ಇರಲಿಲ್ಲ. "ಇವತ್ತಿಲ್ಲ ಅಂದ್ರ ನಿನ್ನೆ ಒಯ್ದಿರ್ತಾಳ. ನಾಳೆಯಿಂದ ಬರಬ್ಯಾಡ," ಎಂದು ಶೇಖರ್ ಗೇಟು ತೆರೆದ.

ಸಾಲಿನಲ್ಲಿ ನಾನು ಅವಳಿಗಿಂತ ಮೂರು ಜನ ಹಿಂದೆ ನಿಂತಿದ್ದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚಿಂದಿ ಕೈಗೆ ತಾಗಿತು, ಬಗ್ಗಿ ನೋಡಿದೆ. ಕೆಂಪಿನವು ಎರಡು ಉಳಿದಿದ್ದವು. ಬೆಳಿಗ್ಗೆ ಗೋದಾಮಿನ ಗಂಟುಗಳ ಲೆಕ್ಕಕ್ಕೆ ಎಣಿಸಿ ತಂದವು, ಉಳಿಯಬಾರದಿತ್ತು. ಅಲ್ಲೇ, ಆ ಕ್ಷಣದಲ್ಲೇ ನನಗೆ ಎಲ್ಲ ತಿಳಿಯಿತು. ಊರಿಗೆಲ್ಲ ಕೇಳುವ ಬಾಯಿ ನನ್ನದು, ಬಸ್ಸಿನ ಕಂಡಕ್ಟರಿನಿಂದ ಹಿಡಿದು ಬೀಗರ ತನಕ ಯಾರನ್ನೂ ಬಿಟ್ಟವಳಲ್ಲ. ಅಂದು ಮಾತ್ರ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದೆ. ಬಿಟ್ಟಿದ್ದರೆ ಕೆಲಸ ನನ್ನದು ಹೋಗುತ್ತಿತ್ತು. ಆ ಎರಡು ಚಿಂದಿಗಳನ್ನು ಕುರುಗೋಡಿನ ಬಸ್ಸಿನ ಕಿಟಕಿಯಿಂದ ಹೊರಗೆಸೆದೆ.

ಹತ್ತು ದಿನದಲ್ಲಿ ಸುದ್ದಿ ದೇಶನೂರು ಮುಟ್ಟಿತು. ಹುಡುಗನ ತಾಯಿ ಗಿಡ್ಡಮ್ಮ ತನ್ನ ಓಣಿಯಲ್ಲಿ ನಿಂತು, "ಕಳ್ಳಿ ಅನ್ನಿಸ್ಕೊಂಡಾಕಿನ್ನ ನಾವು ಮನಿ ತುಂಬಿಸ್ಕೊಳ್ಳಂಗಿಲ್ಲ," ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿದಳಂತೆ. ಲಗ್ನ ಮುರಿಯಿತು. ಜ್ಯೋತಿ ಬಳ್ಳಾರಿ ಬಿಟ್ಟು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಕೆಲಸಕ್ಕೆ ಸೇರಿದಳು. ಅಲ್ಲಿಯೂ ಮೊದಲ ವಾರವೇ ಒಬ್ಬಳು, "ನೀನೇ ಅಲ್ಲೇನವ್ವ ಜೀನ್ಸಿನ ಹುಡುಗಿ" ಎಂದು ಕೇಳಿದಳಂತೆ.

ದುರ್ಗಾದೇವಿ ಅಳಲಿಲ್ಲ. ಶೇಖರನ ಮುಂದೆ ನಿಂತು, "ನನ್ನ ತಂಗಿ ಕದ್ದಿಲ್ಲ ಅಂತ ನೀನು ಆ ಗೇಟಿನ್ಯಾಗ ನಿಂತು ಹೇಳ್ಬೇಕು. ಹೇಳ್ಸೇ ಹೇಳ್ಸ್ತೀನಿ," ಎಂದಳು. ಅವನು ಮೂಗು ಏರಿಸಿ ನಕ್ಕ. "ನಗು," ಎಂದಳು. "ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರ. ನಂದು ಅದಕ್ಕೂ ಹೆಚ್ಚು ಅಂತ ತಿಳ್ಕೋ." ನಮ್ಮೆಲ್ಲರಿಗೂ ಅವಳು ಕೆಲಸ ಬಿಡುತ್ತಾಳೆ ಎನಿಸಿತ್ತು. ಮರುದಿನ ಎಲ್ಲರಿಗಿಂತ ಮೊದಲು ಬಂದು ತನ್ನ ಜಾಗದಲ್ಲಿ ಕುಳಿತಿದ್ದಳು.

ಅಲ್ಲಿಂದ ಮುಂದೆ ಅವಳು ಹೇಳಿದ ಪ್ರತಿ ಸಿನಿಮಾದಲ್ಲಿ ವಿಲನ್ನಿನ ಕಿವಿಯ ಮೇಲೆ ಒಂದು ಪೆನ್ನು ಬಂತು. ಮೈಸೂರಿನ ಅರಮನೆಯ ಕತೆಯಿರಲಿ, ಮುಂಬೈಯ ಗೂಂಡಾನ ಕತೆಯಿರಲಿ, ವಿಲನ್ ಮಾತಿಗೆ ಮುಂಚೆ ಮೂಗು ಏರಿಸುತ್ತಿದ್ದ. ಅವನ ಸಾವೂ ಪ್ರತಿ ಸಲ ಬೇರೆ ಬೇರೆ. ಒಮ್ಮೆ ಕೋಣ ತಿವಿಯಿತು, ಒಮ್ಮೆ ಸುಣ್ಣದ ಗುಂಡಿಗೆ ಬಿದ್ದ, ಒಮ್ಮೆ ಸ್ವಂತ ತಾಯಿಯೇ ಅನ್ನ ಹಾಕಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಶೇಖರ್ ಹಾಲಿಗೆ ಬಂದು ಪೆನ್ನನ್ನು ಕಿವಿಗೆ ಸಿಕ್ಕಿಸಿದರೆ ಸಾಕು, ಮೂಲೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಎರಡು ತಿಂಗಳಾದ ಮೇಲೆ ಅವನು ಪೆನ್ನನ್ನು ಜೇಬಿಗೆ ಹಾಕಿಕೊಳ್ಳತೊಡಗಿದ. ಮೂಗನ್ನು ಎಲ್ಲಿಡಬೇಕು ಎಂದು ಅವನಿಗೆ ತಿಳಿಯಲಿಲ್ಲ.

ಸೇಡಿನ ಸಿನಿಮಾಗಳ ಮೇಲೆ ಮಾತ್ರ ಅವಳಿಗೆ ವಿಪರೀತ ಸಿಟ್ಟು. "ಇವ್ರಿಗೆ ಸೇಡು ಅಂದ್ರ ಏನಂತ ಗೊತ್ತಿಲ್ಲ. ಸಿಟ್ಟು ಒಬ್ಬನ ಮ್ಯಾಲೆ, ಕಡಿಯೋದು ಇನ್ನೂರು ಮಂದಿನ್ನ. ಆ ಇನ್ನೂರು ಮನ್ಯಾಗ ನಾಳೆ ಒಲಿ ಹಚ್ಚೋರು ಯಾರು ಅಂತ ಡೈರೆಕ್ಟರಿಗೆ ಗೊತ್ತೈತೇನು?" ಎನ್ನುತ್ತಿದ್ದಳು.

ಹಾಲಿನಲ್ಲಿ ಅವಳಿಗಿಂತ ಜೋರಾಗಿ ಶೇಖರನನ್ನು ಶಪಿಸುತ್ತಿದ್ದವಳು ನಾನು. "ಇನ್ನೊಂದು ಹೊಡಿ ದುರ್ಗಕ್ಕ, ಅವ್ನ ಕೈ ಕಾಲು ಮುರಿ," ಎಂದು ಹುರಿದುಂಬಿಸುತ್ತಿದ್ದೆ. ಅವಳ ಪ್ಯಾಂಟಿನ ರಾಶಿಯಿಂದ ಉಳಿದವರು ಆರು ತೆಗೆದುಕೊಂಡರೆ ನಾನು ಎಂಟು ತೆಗೆದುಕೊಳ್ಳುತ್ತಿದ್ದೆ. ಶೇಖರ್ ಮಾಡಿದ್ದೂ ಸಣ್ಣ ತಪ್ಪಲ್ಲ, ಅವನನ್ನು ಬೈಯುವಾಗ ನನಗೆ ಸುಳ್ಳು ಎನಿಸುತ್ತಿರಲಿಲ್ಲ. ಅವಳ ಸಿಟ್ಟು ಆ ಕಡೆ ಉರಿಯುತ್ತಿರುವಷ್ಟು ದಿನ ಈ ಕಡೆ ತಿರುಗುವುದಿಲ್ಲ ಎನ್ನುವುದು ನನ್ನ ಲೆಕ್ಕಾಚಾರ. ನಾಚಿಕೆಗೆಟ್ಟ ಲೆಕ್ಕಾಚಾರ, ಒಪ್ಪುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನನಗೆ ಒಂದು ಸಿನಿಮಾವನ್ನಾದರೂ ನನ್ನ ಕಣ್ಣಿನಿಂದಲೇ ನೋಡಬೇಕು ಎನಿಸಿತು. ಕುರುಗೋಡಿನ ನಮ್ಮ ಟಾಕೀಸಿಗೆ ಒಬ್ಬಳೇ ಹೋದೆ. ಅಣ್ಣನನ್ನು ಕೊಂದ ಏಳು ಜನರನ್ನು ತಮ್ಮ ಏಳು ಊರಿನಲ್ಲಿ ಹುಡುಕಿ ಹುಡುಕಿ ಕೊಲ್ಲುವ ತೆಲುಗು ಸಿನಿಮಾ. ನಿಜ ಹೇಳಲೇ, ಸಪ್ಪೆ ಎನಿಸಿತು. ದುರ್ಗಾದೇವಿಯ ಬಾಯಲ್ಲಿ ಕೇಳಿದ ಸಿನಿಮಾಗಳಲ್ಲಿ ಇದಕ್ಕಿಂತ ದೊಡ್ಡ ಬೆಂಕಿ, ಇದಕ್ಕಿಂತ ಚೆಂದದ ಮಳೆ ಇರುತ್ತಿತ್ತು. ಇಂಟರ್ವಲ್ಲಿನಲ್ಲಿ ದೀಪ ಹತ್ತಿದಾಗ ನೋಡಿದರೆ ಮುಂದಿನ ಸಾಲುಗಳಲ್ಲಿ ಅವಳೇ ಕುಳಿತಿದ್ದಾಳೆ. ಮಿರ್ಚಿ ಬಜ್ಜಿ ಇಲ್ಲ, ಚಹಾ ಇಲ್ಲ, ಖಾಲಿ ಪರದೆಯನ್ನೇ ನೋಡುತ್ತಿದ್ದಾಳೆ. ಬಳ್ಳಾರಿ ಬಿಟ್ಟು ಇಲ್ಲಿಗೇಕೆ ಬಂದಳು ಎಂದು ತಿಳಿಯಲಿಲ್ಲ. ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತು, ಸಿನಿಮಾ ಮುಗಿಯುವ ಮುಂಚೆಯೇ ಹೊರಗೆ ಬಂದೆ. ನನ್ನನ್ನು ನೋಡಿಲ್ಲ ಎಂದುಕೊಂಡೆ.

ಸೋಮವಾರ ಎಂದಿನಂತೆ ಅವಳ ಪ್ಯಾಂಟುಗಳನ್ನು ಹಂಚಿಕೊಂಡೆವು. "ನಿನ್ನೆ ಕುರುಗೋಡಿನ್ಯಾಗ ನೋಡಿದ್ದು," ಎಂದು ಶುರು ಮಾಡಿದಳು. "ಒಂದು ಹುಡುಗಿ. ತಾಯಿ ಇಲ್ಲದಾಕಿ. ಒಂದು ಕಾರ್ಖಾನ್ಯಾಗ ಗಂಟು ಹೊರ್ತಾಳ."

ನಾನು ತಲೆ ಎತ್ತಿದೆ. ಅಂಥ ಹುಡುಗಿ ಆ ಸಿನಿಮಾದಲ್ಲಿ ಎಲ್ಲಿಯೂ ಇರಲಿಲ್ಲ.

"ಗಂಟು ಕಟ್ಟಾಕಿ ಬ್ಯಾರೆ ಒಬ್ಬಾಕಿ. ಅಕಿ ಒಂದಿನ ಮೈಮರ್ತು ಕೆಂಪು ಕಟ್ಟೋ ಕಡೆ ಹಳದಿ ಕಟ್ಟಿದ್ಲು. ಎಲ್ಡು ಗಂಟು ಹಾದಿ ತಪ್ಪಿ ಹೋದ್ವು. ಕಳ್ಳತನ ಆತು ಅಂತ ಹುಡುಗಿನ್ನ ಗೇಟಿನ್ಯಾಗ ನಿಲ್ಸಿದ್ರು." ಅವಳ ಕೈ ಬೀಸುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿದ್ದವು. "ಗಂಟು ಒಯ್ದ ಆಟೋದವಗ ಎಲ್ಡು ಜಾಸ್ತಿ ಬಂದಾವ ಅಂತ ಅವತ್ತೇ ತಿಳೀತು. ತನ್ನ ತಲಿಗೆ ಬರ್ತೈತಿ ಅಂತ ಹೆದ್ರಿ ಆರು ತಿಂಗಳು ಬಾಯಿ ಬಿಡ್ಲಿಲ್ಲ. ಹೋದ ವಾರ ಹುಡುಗಿ ಅಕ್ಕ ಸಿರುಗುಪ್ಪದ ಟಾಕೀಸಿನ್ಯಾಗ ಸಿಕ್ಕಾಗ, ಇಂಟ್ರವಲ್ಲಿನ್ಯಾಗ ಮಿರ್ಚಿ ತಿನ್ಕೋಂತ ಎಲ್ಲಾ ಹೇಳಿಬಿಟ್ಟ. ಎಲ್ಡಕ್ಕೂ ಹಳದಿ ಚಿಂದಿ ಇತ್ತು ಅಂದ."

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಮೂಕಮ್ಮ. ಅವಳೇ ಕೇಳಿದಳು. "ಗಂಟು ಕಟ್ಟಿದಾಕಿಗೆ ಅದು ಗೊತ್ತಿತ್ತೇನವ್ವ?"

"ಅಲ್ಲೀತನ ನಾ ನೋಡಿಲ್ಲ ಅತ್ತಿ," ಎಂದಳು ದುರ್ಗಾದೇವಿ. "ಪಂಪಾವತಿ ಹೇಳ್ತಾಳ. ನಿನ್ನೆ ಅಕಿನೂ ಬಂದಿದ್ಲು. ಹಿಂದಿನ ಸಾಲಿನ್ಯಾಗ ಸೆರಗು ಹೊದ್ಕೊಂಡು ಕುಂತಿದ್ಲು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಆಗಲೇ ಸೊಂಟದ ಚಿಂದಿಗಳ ಮೇಲಿತ್ತು. ಹನ್ನೊಂದು ಜನರೂ ಆ ಕೈಯನ್ನು ನೋಡಿದರು. "ನಾನೇ ಕಟ್ಟಿದ್ದು," ಎಂದೆ. "ಬೇಕಂತ ಮಾಡಿದ್ದಲ್ಲ. ಮರುದಿನ ಗೊತ್ತಾತು ನನಗ. ಹೆದರಿಕ್ಯಾಗ ಹೇಳ್ಲಿಲ್ಲ." ಮರುದಿನ ಎಂಬುದು ಸುಳ್ಳು. ಅಷ್ಟು ಸಿಕ್ಕಿಬಿದ್ದ ಮೇಲೂ ಒಂದು ರಾತ್ರಿಯನ್ನು ನನಗಾಗಿ ಉಳಿಸಿಕೊಂಡೆ.

ದುರ್ಗಾದೇವಿ ನನ್ನ ಮೇಲೆ ಬೀಳುತ್ತಾಳೆ ಎಂದು ಕಾದೆ. ಅವಳು ತನ್ನ ಕತ್ತರಿಯನ್ನು ನೆಲಕ್ಕಿಟ್ಟಳು. ಮೂಕಮ್ಮ ತನ್ನದನ್ನೂ ಇಟ್ಟಳು. ಒಂದೊಂದಾಗಿ ಹನ್ನೆರಡೂ ಕತ್ತರಿಗಳು ನೆಲಕ್ಕೆ ಬಂದವು. ಸುದ್ದಿ ಮೆಷಿನ್ನಿನವರಿಗೂ ಹೋಯಿತು, ಅವರೂ ಪೆಡಲಿನಿಂದ ಕಾಲು ತೆಗೆದರು. ಆ ಸಂಜೆ ಹುಬ್ಬಳ್ಳಿಗೆ ಲಾರಿ ತುಂಬಬೇಕಿತ್ತು. ಓಡಿ ಬಂದ ಶೇಖರನಿಗೆ ಮೂಕಮ್ಮ ಎಲ್ಲವನ್ನೂ ಹೇಳಿದಳು.

"ಆಗಿದ್ದು ಆಗಿಹೋತು," ಎಂದ ಶೇಖರ್. "ತಪ್ಪು ಪಂಪಾವತೀದು. ನನಗೇನು ಕನಸು ಬಿದ್ದಿತ್ತಾ?"

"ಅಕಿ ತಪ್ಪು ಅಕಿಗೆ ಐತಿ," ಎಂದಳು ದುರ್ಗಾದೇವಿ. "ಪ್ಯಾಂಟು ಏರ್ಸು ಅಂದಿದ್ದು ಅಕಿ ಅಲ್ಲ."

ಅವನು ಮಾಲೀಕರಿಗೆ ಫೋನು ಮಾಡಿದ. ಅವರು ಏನು ಹೇಳಿದರೋ, ಫೋನು ಇಡುವ ಹೊತ್ತಿಗೆ ಅವನ ಮುಖದಲ್ಲಿ ಕಳೆಯಿರಲಿಲ್ಲ. ಆರು ಗಂಟೆಗೆ ನಲವತ್ತು ಜನ ಗೇಟಿನಲ್ಲಿ ಸೇರಿದೆವು. ಈ ಸಲ ಸಾಲಿನ ಎದುರಿಗೆ ನಿಂತವನು ಶೇಖರ್.

"ಮೊದ್ಲು ಪ್ಯಾಂಟು ಏರಿಸ್ರಿ ಶೇಖರಣ್ಣ. ಮೊಣಕಾಲ ತನಕ. ಆಮ್ಯಾಲೆ ಮಾತು," ಎಂದಳು ದುರ್ಗಾದೇವಿ. ಅಷ್ಟು ಮರ್ಯಾದೆಯಿಂದ ಅವಳು ಅವನನ್ನು ಎಂದೂ ಮಾತಾಡಿಸಿರಲಿಲ್ಲ.

"ದುರ್ಗಕ್ಕ, ನನ್ನ ಮರ್ಯಾದಿ ಪ್ರಶ್ನೆ ಇದು."

"ಹೌದ್ರಿ. ನಾನು ಆರು ತಿಂಗಳಿಂದ ಕೇಳಾಕತ್ತಿರೋ ಪ್ರಶ್ನಿನೂ ಅದೇ."

ಅವನು ಬಗ್ಗಿ ಪ್ಯಾಂಟನ್ನು ಮಡಚುತ್ತಾ ಹೋದ. ಒಂದು ಕಾಲುಚೀಲ ಹಿಮ್ಮಡಿಯಲ್ಲಿ ಹರಿದಿತ್ತು. ಯಾರೂ ನಗಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ. "ಜ್ಯೋತಿ ಕದ್ದಿಲ್ಲ. ನಾನು ತಪ್ಪು ಮಾಡ್ದೆ," ಎಂದ. ಮೆಷಿನ್ನಿನವರಿಗೆ ಕೇಳಲಿಲ್ಲ, ಇನ್ನೊಮ್ಮೆ ಎಂದಳು ದುರ್ಗಾದೇವಿ. ಇನ್ನೊಮ್ಮೆ ಹೇಳಿದ. ಮೂಕಮ್ಮನ ಫೋನಿನಲ್ಲಿ ಸರಿಯಾಗಿ ಬಂದಿಲ್ಲ, ಮತ್ತೊಮ್ಮೆ ಎಂದಳು. ಮತ್ತೊಮ್ಮೆಯೂ ಹೇಳಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನನಗೆ ಖುಷಿಯಾಯಿತು. ನನ್ನಂಥವಳಿಗೂ ಖುಷಿಯಾಯಿತು.

ಗೇಟಿನಿಂದ ಹೊರಬರುವಾಗ ಅವಳು ನನ್ನ ತೋಳು ಹಿಡಿದಳು. "ನಿಂದು ಭಾನುವಾರ. ಏಳು ಗಂಟೆಗೆ ಬಳ್ಳಾರಿ ಬಸ್‌ಸ್ಟ್ಯಾಂಡಿಗೆ ಬಾ."

ಹೋಗದೆ ಇರಬಹುದಿತ್ತು. ಹೋದೆ. ಸಿರುಗುಪ್ಪದ ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ದೇಶನೂರಿನಲ್ಲಿ ಗಿಡ್ಡಮ್ಮ ಮನೆಯ ಮುಂದೆ ನೆಲ್ಲು ಒಣಹಾಕುತ್ತಿದ್ದಳು. ದುರ್ಗಾದೇವಿ ಮನೆಯೊಳಗೆ ಹೋಗಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದಳು. "ಹೇಳು," ಎಂದಳು ನನಗೆ. ಓಣಿಯ ನಡುವೆ ನಿಂತು ಹೇಳಿದೆ. ಚಿಂದಿಯ ಬಣ್ಣ, ಆಟೋ, ನಾನು ಮರುದಿನ ತಿಳಿದುಕೊಂಡದ್ದು, ಎಲ್ಲ. ಮೂಕಮ್ಮ ಕಳಿಸಿದ್ದ ವಿಡಿಯೋವನ್ನು ದುರ್ಗಾದೇವಿ ಎಲ್ಲರಿಗೂ ತೋರಿಸಿದಳು.

ಗಿಡ್ಡಮ್ಮ ಕೈಯಲ್ಲಿದ್ದ ನೆಲ್ಲನ್ನು ಉದುರಿಸಿದಳು. "ಊರೆಲ್ಲಾ ಸೂರೆ ಹೋದ ಮ್ಯಾಲೆ ಕೋಟಿ ಬಾಗಿಲು ಹಾಕಿದಂಗಾತಲ್ಲವ್ವ. ಮಗಂದು ಲಗ್ನ ಆಗಿ ಎಲ್ಡು ತಿಂಗಳಾತು."

"ನಿನ್ನ ಮಗನ್ನ ಕೇಳಾಕ ಬಂದಿಲ್ಲ," ಎಂದಳು ದುರ್ಗಾದೇವಿ. "ಈ ಓಣಿನ್ಯಾಗ ನಿಂತು ನನ್ನ ತಂಗಿಗೆ ಕಳ್ಳಿ ಅಂದಿದ್ದಿ. ಆ ಮಾತು ಇದೇ ಓಣಿನ್ಯಾಗ ವಾಪಸ್ ತಗೋ."

ಗಿಡ್ಡಮ್ಮ ಸುತ್ತಲೂ ನೋಡಿದಳು. ಬಾಗಿಲ ಹಿಂದೆ ಹೊಸ ಸೊಸೆಯ ಸೀರೆಯ ಅಂಚು ಕಾಣುತ್ತಿತ್ತು. "ತಗೊಂಡೆ," ಎಂದಳು ಮೆಲ್ಲಗೆ. "ನನ್ನ ಬಾಯಿ ಸುಡ್ಲಿ. ಹುಡುಗಿ ಚಲೋದಿತ್ತು, ನಮ್ಮ ನಸೀಬಿನ್ಯಾಗ ಇರ್ಲಿಲ್ಲ." ದುರ್ಗಾದೇವಿ ಬಸ್ಸಿನ ಕಡೆ ನಡೆದಳು.

ಮಧ್ಯಾಹ್ನ ಸಿರುಗುಪ್ಪದ ಗಿರಣಿಗೆ ಹೋದೆವು. ಜ್ಯೋತಿ ಅಂಗಳದಲ್ಲಿ ನೆಲ್ಲು ಗುಡಿಸುತ್ತಿದ್ದಳು. ತಲೆಗೆ ಟವೆಲು, ಹುಬ್ಬಿನ ಮೇಲೆ ತೌಡು. ಮೊದಲು ದುಂಡಗಿದ್ದ ಮುಖ ಇಳಿದು ಹೋಗಿತ್ತು. ನಾನು ಮೂರನೆಯ ಸಲ ಅದೇ ಮಾತು ಹೇಳಿದೆ. ಪೊರಕೆ ಹಿಡಿದುಕೊಂಡೇ ಕೇಳಿದಳು. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದಳು.

"ಪಂಪಕ್ಕ, ನಿಮಗ ಖರೇನ ಗೊತ್ತಾಗಿದ್ದು ಯಾವಾಗ?"

ಮರುದಿನ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೂರು ಸಲ ಹೇಳಿ ರೂಢಿಯಾಗಿತ್ತು, ಇಬ್ಬರೂ ನಂಬುತ್ತಿದ್ದರು. ಆದರೆ ಅವಳು ನನ್ನ ಮುಖ ನೋಡುತ್ತಿದ್ದ ರೀತಿ, ಅಂದು ಸಾಲಿನಲ್ಲಿ ಎಲ್ಲರ ಮುಖ ನೋಡಿದ ರೀತಿಯೇ. ಎರಡನೆಯ ಸಲ ಆ ನೋಟದ ಮುಂದೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅವತ್ತೇ," ಎಂದೆ. "ಗೇಟಿನ್ಯಾಗ. ನೀನು ಬಟ್ಟಿ ಎತ್ತಿ ನಿಂತಿದ್ದಾಗ."

ದುರ್ಗಾದೇವಿಯ ಕೈ ನನ್ನ ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಎಂದಿತು. ನಿಜ ಹೇಳಬೇಕೆಂದರೆ ನನಗೆ ಅದರಿಂದ ಸಮಾಧಾನವೇ ಆಯಿತು, ಇನ್ನು ಮುಗಿಯಿತು ಎಂದುಕೊಂಡೆ. "ಇಕಿನ್ನ ನಾಳೇನೇ ಕೆಲಸ ಬಿಡಿಸ್ತೀನಿ. ಮಾಲೀಕರ ಕಾಲು ಹಿಡ್ದಾದ್ರೂ ಬಿಡಿಸ್ತೀನಿ," ಎಂದು ಅವಳು ಇನ್ನೊಮ್ಮೆ ಕೈ ಎತ್ತಿದಳು. "ನಾನೇ ಬಿಡ್ತೀನಿ ದುರ್ಗಕ್ಕ," ಎಂದೆ. ಅದನ್ನು ಮನಸ್ಸಿನಿಂದಲೇ ಹೇಳಿದೆ. ಅಲ್ಲಿಂದ ಓಡಿಹೋದರೆ ಸಾಕು ಎನಿಸಿತ್ತು.

ಜ್ಯೋತಿ ಅಕ್ಕನ ಕೈ ಹಿಡಿದು ಕೆಳಗಿಳಿಸಿದಳು.

"ಬ್ಯಾಡಕ್ಕ. ಬಿಟ್ಟು ಹೋದ್ರ ಮರೀತಾಳ. ಅಲ್ಲೇ ಇರ್ಲಿ. ದಿನಾ ಬೆಳಿಗ್ಗೆ ಆ ಗೇಟಿನ್ಯಾಗ ಒಳಗ ಹೋಗ್ಲಿ, ಸಂಜಿ ಅದೇ ಗೇಟಿನ್ಯಾಗ ಹೊರಗ ಬರ್ಲಿ." ಇಷ್ಟು ಹೇಳಿ ಮತ್ತೆ ನೆಲ್ಲು ಗುಡಿಸಲು ಬಗ್ಗಿದಳು.

ಎಂಟು ತಿಂಗಳಾಯಿತು. ಶೇಖರ್ ಬೇರೆ ಯೂನಿಟ್ಟಿಗೆ ಹೋದ. ನಾನು ಹೋಗಿಲ್ಲ, ಹೋಗುವುದೂ ಇಲ್ಲ, ದುರ್ಗಾದೇವಿ ಹೋಗಲು ಬಿಡುವುದಿಲ್ಲ. ಒಂದು ದಿನ ರಜೆ ಹಾಕಿದರೂ ಮರುದಿನ ಯಾಕೆಂದು ಕೇಳುತ್ತಾಳೆ. ಸಂಜೆ ಆರಕ್ಕೆ ಸಾಲಿನಲ್ಲಿ ನಿಲ್ಲುತ್ತೇನೆ. ಹೊಸ ಸೂಪರ್‌ವೈಸರ್ ಒಳ್ಳೆಯವನು, ಯಾರನ್ನೂ ಏನೂ ಕೇಳದೆ ಬಿಡುತ್ತಾನೆ. ನನ್ನ ಸರದಿ ಬಂದಾಗ ಮಾತ್ರ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಗೇಟು ದಾಟುತ್ತೇನೆ.